ಕಾರ್ಡ್‌ಲೆಸ್ ಇಂಟರ್ನೆಟ್ ಫೋನ್: ಚಾರ್ಜಿಗಿಡುವ ಮುನ್ನ ಹಿಂದಿನ ಮುಚ್ಚಳ ತೆಗೆದು ನೋಡಿ

ತಾಮ್ರದ ತಂತಿಯ ಲ್ಯಾಂಡ್‌ಲೈನ್ ಹೋಗಿ ಫೈಬರ್ ಬಂದ ಮೇಲೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಅನೇಕ ಮನೆ, ದವಾಖಾನೆ, ಅಡತಿ ಅಂಗಡಿಗಳಲ್ಲಿ ನಂಬರ್ ಹಳೆಯದೇ ಉಳಿದಿದೆ, ಫೋನು ಮಾತ್ರ ಬದಲಾಗಿದೆ. ಮಾತು ಈಗ ಇಂಟರ್ನೆಟ್ ಮೂಲಕ ಹೋಗುತ್ತದೆ. ಕೈಯಲ್ಲಿರುವುದು ವೈರ್ ಇಲ್ಲದ ಹ್ಯಾಂಡ್‌ಸೆಟ್. ಹಳೆಯ ಫೋನಿಗೆ ಬೇಕಾದ ವಿದ್ಯುತ್ತು ಎಕ್ಸ್‌ಚೇಂಜಿನಿಂದ ಅದೇ ತಂತಿಯಲ್ಲಿ, ಸುಮಾರು 48 ವೋಲ್ಟ್‌ನಲ್ಲಿ ಬರುತ್ತಿತ್ತು. ಮನೆಯಲ್ಲಿ ಕರೆಂಟ್ ಇರಲಿ ಬಿಡಲಿ, ಅದು ರಿಂಗಾಗುತ್ತಿತ್ತು. ಚಾರ್ಜ್ ಎಂಬ ಮಾತೇ ಇರಲಿಲ್ಲ. ಹೊಸದರಲ್ಲಿ ಸೆಲ್ ಇದೆ, ಸ್ಟ್ಯಾಂಡ್ ಇದೆ, ಅಡಾಪ್ಟರ್ ಇದೆ. ಮೂರರಲ್ಲಿ ಯಾವುದು ತಪ್ಪಿದರೂ ಸೆಲ್ ಬೇಗ ಸಾಯುತ್ತದೆ, ಸೋರುತ್ತದೆ, ಅಪರೂಪಕ್ಕೆ ಬೆಂಕಿಯನ್ನೂ ಹಿಡಿಯುತ್ತದೆ.

ಇಲ್ಲಿ ತಿಳಿದಿರಬೇಕಾದ ಮುಖ್ಯ ಸಂಗತಿ ಒಂದೇ. ಒಳಗೆ ಎಂಥ ಸೆಲ್ ಹಾಕಿದ್ದೀರಿ ಎಂಬುದು ಬಹುತೇಕ ಫೋನುಗಳ ಚಾರ್ಜಿಂಗ್ ವ್ಯವಸ್ಥೆಗೆ ಗೊತ್ತಾಗುವುದಿಲ್ಲ. ಯಾವ ಸೆಲ್‌ಗೆಂದು ಅದನ್ನು ಕಾರ್ಖಾನೆಯಲ್ಲಿ ಮಾಡಿದ್ದಾರೋ ಅದೇ ಇದೆ ಎಂದುಕೊಂಡು ಅದು ಕರೆಂಟ್ ತಳ್ಳುತ್ತದೆ. ಆದ್ದರಿಂದ ಸೆಲ್ ಯಾವುದೆಂದು ನೋಡುವ ಕೆಲಸ ಬಳಸುವವರದೇ.

ಮೂರು ಬಗೆಯ ಫೋನು

ಮೊದಲನೆಯದು ಮನೆಗಳಲ್ಲಿರುವ ಸಾದಾ ಕಾರ್ಡ್‌ಲೆಸ್. ಗೋಡೆಗೆ ಹಚ್ಚಿರುವ, ದೀಪ ಮಿನುಗುವ ಫೈಬರ್ ಡಬ್ಬಿಗೆ ಒಎನ್‌ಟಿ ಎನ್ನುತ್ತಾರೆ. ಅದರ ಫೋನ್ ಪೋರ್ಟಿನಿಂದ ಒಂದು ವೈರು ಕಾರ್ಡ್‌ಲೆಸ್‌ನ ಬೇಸ್‌ಗೆ, ಅಂದರೆ ಹ್ಯಾಂಡ್‌ಸೆಟ್ಟನ್ನು ಚಾರ್ಜಿಗಿಡುವ ಸ್ಟ್ಯಾಂಡಿಗೆ ಬರುತ್ತದೆ, ಬೇಸ್‌ನಿಂದ ಹ್ಯಾಂಡ್‌ಸೆಟ್‌ಗೆ ರೇಡಿಯೊ ಸಂಪರ್ಕ. ಎರಡನೆಯದರಲ್ಲಿ ಬೇಸ್ ನೆಟ್‌ವರ್ಕ್ ಕೇಬಲ್ ಮೂಲಕ ನೇರ ರೌಟರಿಗೆ ಜೋಡಣೆಯಾಗುತ್ತದೆ. ಆಸ್ಪತ್ರೆ, ಲಾಡ್ಜ್, ಕೋಲ್ಡ್ ಸ್ಟೋರೇಜ್ ಕಚೇರಿಗಳಲ್ಲಿ ಇದು ಹೆಚ್ಚು. ಮೂರನೆಯದು ವೈಫೈ ಫೋನು. ಇದಕ್ಕೆ ಬೇಸ್ ಇಲ್ಲ, ಹ್ಯಾಂಡ್‌ಸೆಟ್ಟೇ ರೌಟರಿನ ಜೊತೆ ಮಾತಾಡುತ್ತದೆ. ಇರುವ ಸ್ಟ್ಯಾಂಡು ಬರೀ ಚಾರ್ಜಿಗೆ.

ಮೊದಲೆರಡರಲ್ಲಿ ಹೆಚ್ಚಾಗಿ ನಿಕ್ಕಲ್-ಮೆಟಲ್ ಹೈಡ್ರೈಡ್ ಸೆಲ್ ಇರುತ್ತದೆ. ಸೆಲ್ಲಿನ ಮೇಲೆ ಇದನ್ನು ಎನ್‌ಐ-ಎಂಎಚ್ ಎಂದು ಬರೆದಿರುತ್ತಾರೆ. ನಾವೂ ಹಾಗೇ ಕರೆಯೋಣ. ದುಬಾರಿ ಮಾದರಿಗಳಲ್ಲಿ ಮತ್ತು ವೈಫೈ ಫೋನುಗಳಲ್ಲಿ ಮೊಬೈಲಿನಂತೆ ಲಿಥಿಯಂ-ಅಯಾನ್ ಬ್ಯಾಟರಿ. ವೈಫೈ ರೇಡಿಯೊ ಹೆಚ್ಚು ವಿದ್ಯುತ್ತು ತಿನ್ನುವುದರಿಂದ ಅಂಥ ಫೋನನ್ನು ಸಾದಾ ಕಾರ್ಡ್‌ಲೆಸ್‌ಗಿಂತ ಬೇಗ ಬೇಗ ಚಾರ್ಜಿಗಿಡಬೇಕಾಗುತ್ತದೆ. ಅದು ಕೆಟ್ಟಿದೆ ಎಂದಲ್ಲ.

ಸೆಲ್ಲಿನ ಮೇಲಿನ ಬರಹ

ಹ್ಯಾಂಡ್‌ಸೆಟ್ಟಿನ ಹಿಂದಿನ ಮುಚ್ಚಳವನ್ನು ಕೆಳಗೆ ಸರಿಸಿ ತೆಗೆಯಿರಿ. ಕಾಣುವುದು ಮೂರರಲ್ಲಿ ಒಂದು.

ಟಿವಿ ರಿಮೋಟಿಗೆ ಹಾಕುವ ಅಳತೆಯ, ಅಂದರೆ ಎಎಎ ಗಾತ್ರದ ಎರಡು ಸೆಲ್ ಇದ್ದರೆ ಅವುಗಳ ಮೇಲೆ 1.2 ವೋಲ್ಟ್, ಎನ್‌ಐ-ಎಂಎಚ್, ರೀಚಾರ್ಜಬಲ್ ಎಂಬ ಮೂರೂ ಇರಬೇಕು. ಜೊತೆಗೆ 400ರಿಂದ 800ರೊಳಗಿನ ಒಂದು ಸಂಖ್ಯೆ ಮತ್ತು ಎಂಎಎಚ್ ಎಂಬ ಅಳತೆ. ಎಂಎಎಚ್ ಎಂದರೆ ಮಿಲಿಆಂಪಿಯರ್-ಗಂಟೆ, ಸೆಲ್ ಹಿಡಿದಿಡುವ ವಿದ್ಯುತ್ತಿನ ಲೆಕ್ಕ. 600 ಎಂಎಎಚ್ ಸೆಲ್ 60 ಮಿಲಿಆಂಪಿಯರ್ ಕರೆಂಟನ್ನು ಸುಮಾರು 10 ಗಂಟೆ ಕೊಡಬಲ್ಲದು.

ಎರಡನೆಯದು ಪ್ಲಾಸ್ಟಿಕ್ ಸುತ್ತಿದ ಸಣ್ಣ ಪ್ಯಾಕ್. ಕೆಂಪು, ಕಪ್ಪು ವೈರಿನ ತುದಿಯಲ್ಲಿ ಪುಟ್ಟ ಕನೆಕ್ಟರ್. ಇದು 2.4 ವೋಲ್ಟ್‌ನದಾದರೆ ಒಳಗೆ ಎರಡು ಎನ್‌ಐ-ಎಂಎಚ್ ಸೆಲ್, 3.6 ವೋಲ್ಟ್‌ನದಾದರೆ ಮೂರು. ಮೂರನೆಯದು ಚಪ್ಪಟೆಯಾದ ಲಿಥಿಯಂ-ಅಯಾನ್ ಬ್ಯಾಟರಿ. ಅದರ ಮೇಲೆ 3.6 ಅಥವಾ 3.7 ವೋಲ್ಟ್ ಎಂದಿರುತ್ತದೆ.

ಎಡವಟ್ಟಾಗುವುದು ಇಲ್ಲೇ. 3.6 ವೋಲ್ಟ್‌ನ ಎನ್‌ಐ-ಎಂಎಚ್ ಪ್ಯಾಕ್ ಮತ್ತು ಲಿಥಿಯಂ ಬ್ಯಾಟರಿ ವೋಲ್ಟೇಜಿನಲ್ಲಿ ಒಂದೇ ಅನ್ನಿಸುತ್ತವೆ, ಚಾರ್ಜ್ ಆಗುವ ರೀತಿ ಬೇರೆ. ಲಿಥಿಯಂ ಸೆಲ್ಲನ್ನು ಸಾಮಾನ್ಯವಾಗಿ 4.2 ವೋಲ್ಟ್‌ಗೆ ತಂದು ನಿಲ್ಲಿಸಲೇಬೇಕು, ಅದರಾಚೆ ಹೋದರೆ ಒಳಗಿನ ರಾಸಾಯನಿಕ ಕೆಡಲು ಶುರುವಾಗುತ್ತದೆ. ಎನ್‌ಐ-ಎಂಎಚ್ ಚಾರ್ಜರಿಗೆ ಆ 4.2ರ ಗೆರೆಯೇ ಗೊತ್ತಿಲ್ಲ, ಅದು ಸಣ್ಣ ಕರೆಂಟನ್ನು ತಳ್ಳುತ್ತಲೇ ಇರುತ್ತದೆ. ಹಾಗಾಗಿ ‘ವೋಲ್ಟ್ ಸೇಮ್ ಇದೆ, ಕೂಡುತ್ತದೆ’ ಎಂದು ಅಂಗಡಿಯಲ್ಲಿ ಕೊಟ್ಟದ್ದನ್ನು ತರಬಾರದು. ವೋಲ್ಟ್ ಮತ್ತು ಜಾತಿ, ಎರಡೂ ಹಳೆಯದರಂತೆಯೇ ಇರಬೇಕು.

ಇನ್ನೊಂದು ಸಂಗತಿ, ಗೊತ್ತಿರುವವರು ಕಡಿಮೆ. 10440 ಎಂಬ ಸಂಖ್ಯೆಯ ಲಿಥಿಯಂ ಸೆಲ್ ನೋಡಲು, ಅಳತೆಗೆ ಥೇಟ್ ಎಎಎ. ಆದರೆ ಒಂದೊಂದೂ 3.7 ವೋಲ್ಟ್. ಎರಡು ಹಾಕಿದರೆ 2.4 ವೋಲ್ಟ್ ಬೇಕಾದ ಹ್ಯಾಂಡ್‌ಸೆಟ್ಟಿಗೆ 7.4 ವೋಲ್ಟ್ ಹೋಗುತ್ತದೆ. ಟಾರ್ಚಿನ ಸೆಲ್ಲುಗಳ ಜೊತೆ ಒಂದೇ ಡ್ರಾದಲ್ಲಿ ಬಿದ್ದಿದ್ದರೆ ಅದಲುಬದಲಾಗುವುದು ಸುಲಭ.

ಎಂಎಎಚ್ ಸಂಖ್ಯೆಯನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಎಎಎ ಅಳತೆಯ ಎನ್‌ಐ-ಎಂಎಚ್ ಸೆಲ್‌ನಲ್ಲಿ ಸುಮಾರು 1100ರ ಆಚೆಗೆ ಹಿಡಿಸುವುದು ಕಷ್ಟ. 2000 ಎಂದು ಅಚ್ಚು ಹಾಕಿದ್ದರೆ ಆ ಸೆಲ್ಲನ್ನು ಅಲ್ಲೇ ಬಿಟ್ಟುಬನ್ನಿ. ಭಾರತದಲ್ಲಿ ಮಾರುವ ಇಂಥ ಸೆಲ್ಲುಗಳಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ನೋಂದಣಿ ಕಡ್ಡಾಯ. ಲೇಬಲ್ಲಿನ ಮೇಲೆ ಐಎಸ್ 16046 ಎಂಬ ಮಾನಕ ಸಂಖ್ಯೆ, ಅದರ ಕೆಳಗೆ ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇದೆಯೇ ನೋಡಿಕೊಳ್ಳಿ.

ಸಾದಾ ಸೆಲ್ ಹಾಕಿದರೆ

ಹ್ಯಾಂಡ್‌ಸೆಟ್ ಆಫ್ ಆಯಿತು, ಕೈಗೆ ಸಿಕ್ಕಿದ್ದು ಗಡಿಯಾರಕ್ಕೋ ರಿಮೋಟಿಗೋ ತಂದಿಟ್ಟ ಸೆಲ್. ಹಾಕಿದರೆ ಫೋನು ಆನ್ ಆಗುತ್ತದೆ, ಮಾತೂ ಆಗುತ್ತದೆ. ತೊಂದರೆ ಶುರುವಾಗುವುದು ಅದನ್ನು ಸ್ಟ್ಯಾಂಡಿನಲ್ಲಿ ಇಟ್ಟಾಗ. ಸಾದಾ ಸೆಲ್ಲಿನಲ್ಲಿ, ಅದು ಆಲ್ಕಲೈನ್ ಆಗಿರಲಿ ಕಡಿಮೆ ಬೆಲೆಯ ಜಿಂಕ್-ಕಾರ್ಬನ್ ಆಗಿರಲಿ, ರಾಸಾಯನಿಕ ಕ್ರಿಯೆ ಒಂದೇ ದಿಕ್ಕಿಗೆ ನಡೆಯುವಂತೆ ಮಾಡಿರುತ್ತಾರೆ. ಹಿಂದಕ್ಕೆ ಕರೆಂಟ್ ತಳ್ಳಿದರೆ ಒಳಗೆ ಅನಿಲ ಹುಟ್ಟುತ್ತದೆ, ಒತ್ತಡ ಏರುತ್ತದೆ, ಸೀಲ್ ಬಿಟ್ಟು ದ್ರವ ಸೋರುತ್ತದೆ. ಕೆಲವೊಮ್ಮೆ ಸೆಲ್ ಸಿಡಿಯುತ್ತದೆ.

ಆಲ್ಕಲೈನ್ ಸೆಲ್ಲಿನಿಂದ ಸೋರುವುದು ಪೊಟ್ಯಾಷಿಯಂ ಹೈಡ್ರಾಕ್ಸೈಡ್, ಚರ್ಮ ಸುಡುವ ಕ್ಷಾರ. ಒಣಗಿದ ಮೇಲೆ ಬಿಳಿ ಪುಡಿಯಾಗಿ ಸ್ಪ್ರಿಂಗಿಗೆ ಅಂಟಿಕೊಳ್ಳುತ್ತದೆ. ಇದನ್ನು ಉಗುರಿನಿಂದ ಕೆರೆಯಬೇಡಿ. ಕೈಗವಸು ಹಾಕಿಕೊಂಡು, ಅಡಾಪ್ಟರ್ ಕಳಚಿ, ಸೆಲ್ ತೆಗೆದಿಟ್ಟು, ಹತ್ತಿಯ ಕಡ್ಡಿಗೆ ಒಂದೆರಡು ಹನಿ ವಿನೆಗರ್ ಅಥವಾ ನಿಂಬೆರಸ ಹಚ್ಚಿ ಒರೆಸಿ. ನೊರೆ ಬಂದರೆ ಗಾಬರಿ ಬೇಡ, ಕ್ಷಾರ ಕರಗುತ್ತಿದೆ. ಆಮೇಲೆ ತುಸು ಒದ್ದೆ ಬಟ್ಟೆ, ನಂತರ ಒಣ ಬಟ್ಟೆ. ಪೂರ್ತಿ ಆರಿದ ಮೇಲಷ್ಟೇ ಹೊಸ ಸೆಲ್ ಹಾಕಿ. ದ್ರವ ಕಣ್ಣಿಗೆ ಸಿಡಿದಿದ್ದರೆ 15 ನಿಮಿಷವಾದರೂ ನೀರು ಬಿಟ್ಟು ತೊಳೆದು ಡಾಕ್ಟರ ಬಳಿ ಹೋಗಿ.

ಕೆಲವು ಕಂಪನಿಗಳ ಹ್ಯಾಂಡ್‌ಸೆಟ್ಟುಗಳು ತಪ್ಪು ಸೆಲ್ ಗುರುತಿಸಿ ಚಾರ್ಜ್ ನಿಲ್ಲಿಸುತ್ತವೆ. ಅದನ್ನು ನಂಬಿ ಕೂಡುವಂತಿಲ್ಲ.

ಒಂದು ಹೊಸದು, ಒಂದು ಹಳೆಯದು ಹಾಕುವುದೂ ತಪ್ಪೇ. ಎರಡೂ ಸೆಲ್ ಒಂದರ ಹಿಂದೊಂದು ಜೋಡಣೆಯಾಗಿರುತ್ತವೆ. ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳಂತೆ, ಸೋತದ್ದನ್ನು ಗಟ್ಟಿಯಿರುವುದು ಎಳೆದುಕೊಂಡೇ ಹೋಗುತ್ತದೆ. ದುರ್ಬಲ ಸೆಲ್ ಖಾಲಿಯಾದ ಮೇಲೂ ಇನ್ನೊಂದರ ಕರೆಂಟ್ ಅದರೊಳಗೆ ಹಾಯುತ್ತದೆ, ಅದರ ಪ್ಲಸ್-ಮೈನಸ್ಸೇ ತಿರುಗುಮುರುಗಾಗುತ್ತದೆ. ಹಾಗಾದ ಸೆಲ್ ಸರಿಹೋಗುವುದಿಲ್ಲ ಎಂದೇ ತಿಳಿಯಿರಿ. ಆದ್ದರಿಂದ ಎರಡನ್ನೂ ಒಟ್ಟಿಗೆ, ಒಂದೇ ಕಂಪನಿಯ, ಒಂದೇ ಎಂಎಎಚ್‌ನವು ಹಾಕಬೇಕು.

ಎಷ್ಟು ಹೊತ್ತು ಚಾರ್ಜ್

ಎನ್‌ಐ-ಎಂಎಚ್ ಕಾರ್ಡ್‌ಲೆಸ್ ಬೇಸ್‌ಗಳು ನಿಧಾನ ಚಾರ್ಜಿನವು. ಸೆಲ್ಲಿನ ಸಾಮರ್ಥ್ಯದ ಹತ್ತನೇ ಒಂದು ಭಾಗದಷ್ಟು ಕರೆಂಟ್ ಕೊಡುವುದು ಹಳೆಯ, ಸುರಕ್ಷಿತ ಪದ್ಧತಿ. 700 ಎಂಎಎಚ್ ಸೆಲ್ಲಿಗೆ 70 ಮಿಲಿಆಂಪಿಯರ್. ಭಾಗಿಸಿದರೆ 10 ಗಂಟೆ ಬರುತ್ತದೆ, ಆದರೆ ಕೊಟ್ಟದ್ದೆಲ್ಲ ಸೆಲ್ಲಿನಲ್ಲಿ ನಿಲ್ಲುವುದಿಲ್ಲ; ಒಂದು ಪಾಲು ಶಾಖವಾಗಿ ಹೋಗುತ್ತದೆ. ಹಾಗಾಗಿ ನಿಜವಾಗಿ ಬೇಕಾಗುವುದು 14ರಿಂದ 16 ಗಂಟೆ. ಕೈಪಿಡಿಯಲ್ಲಿ ಮೊದಲ ಸಲ 14–16 ಗಂಟೆ ಇಡಿ ಎಂದು ಬರೆಯುವುದು ಇದೇ ಲೆಕ್ಕದ ಮೇಲೆ. ಅದೇ ಬೇಸ್‌ಗೆ 1000 ಎಂಎಎಚ್ ಸೆಲ್ ಹಾಕಿದರೆ 20 ಗಂಟೆ ದಾಟುತ್ತದೆ. ಪರದೆಯಲ್ಲಿ ಬ್ಯಾಟರಿ ಚಿತ್ರ ಅರ್ಧ ಗಂಟೆಯಲ್ಲೇ ತುಂಬಿದಂತೆ ಕಂಡರೂ ಎತ್ತಿಕೊಳ್ಳಬೇಡಿ. ಎಷ್ಟೋ ಮಾದರಿಗಳಲ್ಲಿ ಅದು ವೋಲ್ಟೇಜ್ ನೋಡಿ ಮಾಡುವ ಅಂದಾಜು ಮಾತ್ರ.

ಹೊಸ ಸೆಲ್ ಹಾಕುವ ಕ್ರಮ ಹೀಗೆ: ಹ್ಯಾಂಡ್‌ಸೆಟ್ ಆಫ್ ಮಾಡಿ, ಹಳೆಯ ಎರಡೂ ತೆಗೆಯಿರಿ. ಒಳಗಿನ ಪ್ಲಸ್-ಮೈನಸ್ ಗುರುತು ನೋಡಿ, ಮೈನಸ್ ತುದಿಯನ್ನು ಮೊದಲು ಸ್ಪ್ರಿಂಗಿಗೆ ಒತ್ತಿ ಕೂಡಿಸಿ. ಮುಚ್ಚಳ ಹಾಕಿ ಸ್ಟ್ಯಾಂಡಿನಲ್ಲಿಟ್ಟು, ಚಾರ್ಜ್ ಆಗುತ್ತಿರುವ ದೀಪವೋ ಚಿತ್ರವೋ ಕಾಣಿಸಿತೇ ನೋಡಿ. ರಾತ್ರಿ ಊಟದ ಹೊತ್ತಿಗೆ ಇಟ್ಟರೆ ಮರುದಿನ ಮಧ್ಯಾಹ್ನದ ಹೊತ್ತಿಗೆ ತಯಾರು. ನಡುವೆ ಕರೆಂಟ್ ಹೋಗಿದ್ದರೆ ಅಷ್ಟು ಗಂಟೆ ಸೇರಿಸಿಕೊಳ್ಳಿ.

ಸದಾ ಸ್ಟ್ಯಾಂಡಿನಲ್ಲೇ ಬಿಡಬಹುದೇ? ಬಿಡಬಹುದು. ತುಂಬಿದ ಮೇಲೆ ಬೇಸ್ ತೀರಾ ಸಣ್ಣ ಕರೆಂಟನ್ನಷ್ಟೇ ಕೊಡುವಂತೆ ಮಾಡಿರುತ್ತಾರೆ. ಆದರೂ ವರ್ಷಗಟ್ಟಲೆ ಬೆಚ್ಚಗೇ ಇರುವ ಸೆಲ್ ಬೇಗ ಮುದಿಯಾಗುತ್ತದೆ. ಹಗಲು ಮೇಜಿನ ಮೇಲಿಟ್ಟು ರಾತ್ರಿ ಸ್ಟ್ಯಾಂಡಿಗಿಟ್ಟರೆ ಹೆಚ್ಚು ಬಾಳಿಕೆ. ಪ್ರತಿಸಲ ಪೂರ್ತಿ ಖಾಲಿ ಮಾಡಿಯೇ ಚಾರ್ಜಿಗಿಡಬೇಕು ಎಂಬ ಮಾತು ಹಳೆಯ ನಿಕ್ಕಲ್-ಕ್ಯಾಡ್ಮಿಯಂ ಕಾಲದ್ದು. ಎನ್‌ಐ-ಎಂಎಚ್‌ಗೆ ಅದರ ಅಗತ್ಯ ಅಷ್ಟಾಗಿ ಇಲ್ಲ, ಲಿಥಿಯಂಗೆ ಹಾಗೆ ಮಾಡಿದರೆ ಹಾನಿಯೇ.

ಬೇಸಿಗೆಯ ಮಧ್ಯಾಹ್ನ

ಎರಡೂ ಬಗೆಯ ಸೆಲ್ಲುಗಳನ್ನು ಸಾಮಾನ್ಯವಾಗಿ 0ಯಿಂದ 45 ಡಿಗ್ರಿ ಸೆಲ್ಸಿಯಸ್ ಒಳಗೆ ಚಾರ್ಜ್ ಮಾಡಬೇಕು. ಇದು ಕೋಣೆಯ ಉಷ್ಣಾಂಶವಲ್ಲ, ಸೆಲ್ಲಿನ ಮೈಯ ಉಷ್ಣಾಂಶ. ವಿಜಯಪುರ, ಬಾಗಲಕೋಟೆಗಳಲ್ಲಿ ಏಪ್ರಿಲ್–ಮೇ ಬಿಸಿಲು 40 ದಾಟಿದ ದಿನ ತಗಡಿನ ಶೆಡ್ಡಿನೊಳಗೆ ಇನ್ನೂ ಹೆಚ್ಚಿರುತ್ತದೆ. ಚಾರ್ಜ್ ಆಗುವ ಸೆಲ್ ತನ್ನಷ್ಟಕ್ಕೇ ಕೆಲವು ಡಿಗ್ರಿ ಏರುತ್ತದೆ. ಎರಡೂ ಕೂಡಿದರೆ 45ರ ಗೆರೆ ದಾಟಲು ತಡವಾಗದು.

ಬಿಸಿಯಾದ ಎನ್‌ಐ-ಎಂಎಚ್ ಚಾರ್ಜನ್ನೇ ಸರಿಯಾಗಿ ಹಿಡಿಯುವುದಿಲ್ಲ. ಒಳಗೆ ಆಮ್ಲಜನಕ ಬೇಗ ಹುಟ್ಟಿ, ಬಂದ ವಿದ್ಯುತ್ತು ಶಾಖವಾಗಿ ಹೋಗುತ್ತದೆ. ಅದರಿಂದ ಸೆಲ್ ಮತ್ತಷ್ಟು ಬಿಸಿ. ಬೇಸಿಗೆಯಲ್ಲಿ ದಿನವಿಡೀ ಸ್ಟ್ಯಾಂಡಿನಲ್ಲಿದ್ದ ಫೋನು ಸಂಜೆ ಬೇಗ ಕುಂಯ್ ಅನ್ನುವುದಕ್ಕೆ ಇದೇ ಕಾರಣ. ಆ ತಿಂಗಳುಗಳಲ್ಲಿ ರಾತ್ರಿ ಹತ್ತರ ಮೇಲೆ ಚಾರ್ಜಿಗಿಡುವುದು ಒಳ್ಳೆಯದು. ಸ್ಟ್ಯಾಂಡನ್ನು ಒಎನ್‌ಟಿ, ರೌಟರ್, ಇನ್ವರ್ಟರಿನ ಮೇಲೆ ಇಡಬೇಡಿ, ಅವೇ ಬಿಸಿ ಕಾರುವ ಡಬ್ಬಿಗಳು. ಪಡುವಣ ಕಿಟಕಿಯೂ ಬೇಡ. ಧೂಳು ಬೀಳಬಾರದೆಂದು ಹೊಲಿಸಿದ ಬಟ್ಟೆಯ ಕವರನ್ನು ಚಾರ್ಜಿನ ಹೊತ್ತಿನಲ್ಲಿ ತೆಗೆದಿಡಿ.

ಅಳೆಯಲು ಥರ್ಮಾಮೀಟರ್ ಬೇಕಿಲ್ಲ. ಹ್ಯಾಂಡ್‌ಸೆಟ್ಟಿನ ಬೆನ್ನು ಉಗುರುಬೆಚ್ಚಗಿದ್ದರೆ ಸರಿ. ಅಂಗೈಯಲ್ಲಿ ಹಿಡಿದುಕೊಳ್ಳಲಾರದಷ್ಟು ಬಿಸಿಯಾದರೆ ಪ್ಲಗ್ ಕಿತ್ತು, ಆರಿದ ಮೇಲೆ ಸೆಲ್ ಪರೀಕ್ಷಿಸಿ.

ಅಡಾಪ್ಟರ್ ಮತ್ತು ಮಿನಿ ಯುಪಿಎಸ್

ಮನೆಯಲ್ಲಿ ಹತ್ತು ಅಡಾಪ್ಟರ್ ಇರುತ್ತವೆ, ಪಿನ್ನು ಒಂದಕ್ಕೊಂದು ಕೂಡುತ್ತದೆ. ಪಿನ್ ಕೂಡಿತು ಎಂದರೆ ವೋಲ್ಟ್ ಕೂಡಿತು ಎಂದಲ್ಲ. ಸಾದಾ ಕಾರ್ಡ್‌ಲೆಸ್ ಬೇಸ್‌ಗೆ ಹೆಚ್ಚಾಗಿ 5.5ರಿಂದ 6.5 ವೋಲ್ಟ್, ನೆಟ್‌ವರ್ಕ್ ಬೇಸ್‌ಗೆ ಬಹುಪಾಲು 5 ವೋಲ್ಟ್, ಒಎನ್‌ಟಿ ಮತ್ತು ರೌಟರಿಗೆ ಸಾಮಾನ್ಯವಾಗಿ 12 ವೋಲ್ಟ್. ಬೇಸ್‌ನ ಅಡಿಯಲ್ಲಿ ಬರೆದಿರುವುದನ್ನೂ ಅಡಾಪ್ಟರಿನ ಔಟ್‌ಪುಟ್ ಸಾಲನ್ನೂ ಪಕ್ಕಪಕ್ಕ ಇಟ್ಟು ಓದಿ. ವೋಲ್ಟ್ ಅಷ್ಟೇ ಇರಬೇಕು. ಆಂಪಿಯರ್ ಅಷ್ಟೇ ಅಥವಾ ಹೆಚ್ಚಿರಬಹುದು, ಬೇಸ್ ತನಗೆ ಬೇಕಾದಷ್ಟೇ ಎಳೆದುಕೊಳ್ಳುತ್ತದೆ. ಕಡಿಮೆಯಿದ್ದರೆ ಅಡಾಪ್ಟರ್ ಬಿಸಿಯಾಗುತ್ತದೆ. ನಡುವಿನ ಚುಕ್ಕೆಗೆ ಪ್ಲಸ್ಸೋ ಮೈನಸ್ಸೋ ಎಂದು ತೋರಿಸುವ ಸಣ್ಣ ಚಿತ್ರ ಎರಡರಲ್ಲೂ ಒಂದೇ ಆಗಿರಬೇಕು. ಡಿಸಿ ಬದಲು ಎಸಿ ಔಟ್‌ಪುಟ್ ಇರುವ ಹಳೆಯ ಅಡಾಪ್ಟರುಗಳೂ ಮನೆಗಳಲ್ಲಿ ಉಳಿದಿರಬಹುದು, ಅವು ಬೇಡ.

ಇದನ್ನೆಲ್ಲ ಇಷ್ಟು ವಿವರವಾಗಿ ಹೇಳಲು ಕಾರಣ ಮಿನಿ ಯುಪಿಎಸ್, ಅಂದರೆ ಕರೆಂಟ್ ಹೋದಾಗ ರೌಟರಿನಂಥವನ್ನು ನಡೆಸುವ ಸಣ್ಣ ಬ್ಯಾಟರಿ ಡಬ್ಬಿ. ಕರೆಂಟ್ ಹೋದರೆ ಹ್ಯಾಂಡ್‌ಸೆಟ್ಟಿನಲ್ಲಿ ಪೂರ್ತಿ ಚಾರ್ಜ್ ಇದ್ದರೂ ಕಾಲ್ ಹೋಗದು, ಏಕೆಂದರೆ ಬೇಸ್ ಮತ್ತು ಒಎನ್‌ಟಿ ಆರಿರುತ್ತವೆ. ಅಷ್ಟೇ ಅಲ್ಲ, ಬೇಸ್ ಎಲ್ಲಿ ಎಂದು ಹುಡುಕುತ್ತಾ ಹ್ಯಾಂಡ್‌ಸೆಟ್ ಮಾಮೂಲಿಗಿಂತ ಬೇಗ ಬ್ಯಾಟರಿ ಕಳೆದುಕೊಳ್ಳುತ್ತದೆ. ಹೆಸ್ಕಾಂ ಲೈನಿನಲ್ಲಿ ದುರಸ್ತಿಗೆಂದು ಇಡೀ ದಿನ ಕರೆಂಟ್ ತೆಗೆಯುವ ದಿನ ಹ್ಯಾಂಡ್‌ಸೆಟ್ಟನ್ನು ಆಫ್ ಮಾಡಿಡುವುದು ಜಾಣತನ. ಕರೆಂಟ್ ಹೋದರೂ ಕಾಲ್ ನಿಲ್ಲದಿರಲೆಂದು ಜನ 12 ವೋಲ್ಟ್‌ನ ಮಿನಿ ಯುಪಿಎಸ್ ತಂದು, ಅದರ ಜೊತೆ ಬರುವ ಕವಲು ವೈರಿನ ಒಂದು ತುದಿಯನ್ನು ಒಎನ್‌ಟಿಗೂ ಇನ್ನೊಂದನ್ನು ಫೋನ್ ಬೇಸ್‌ಗೂ ಚುಚ್ಚುತ್ತಾರೆ. 5 ವೋಲ್ಟ್‌ನ ಬೇಸ್‌ಗೆ 12 ಹೋದರೆ ಚಾರ್ಜಿಂಗ್ ಸರ್ಕ್ಯೂಟ್ ಸುಡಬಹುದು, ಸುಡದೆ ಉಳಿದು ಸೆಲ್ಲಿಗೆ ಹೆಚ್ಚು ಕರೆಂಟ್ ಬಿಟ್ಟರೆ ಇನ್ನೂ ಅಪಾಯ. ಒಎನ್‌ಟಿಗೆ 12ರ ಕಿಂಡಿ, ಬೇಸ್‌ಗೆ ಅದರದೇ ವೋಲ್ಟಿನ ಪ್ರತ್ಯೇಕ ಕಿಂಡಿ ಇರುವ ಯುಪಿಎಸ್ ಬೇಕು. ಇಲ್ಲದಿದ್ದರೆ ಎರಡೂ ಅಡಾಪ್ಟರುಗಳನ್ನು ಮನೆಯ ಇನ್ವರ್ಟರ್ ಲೈನಿನ ಸಾಕೆಟ್ಟಿಗೆ ಹಾಕಿ.

ಹೋದ ಕರೆಂಟ್ ಮರಳುವ ಗಳಿಗೆಯಲ್ಲಿ ವೋಲ್ಟೇಜ್ ಒಮ್ಮೆಲೇ ಏರುವುದುಂಟು. ಹಗುರವಾದ ಹೊಸ ಅಡಾಪ್ಟರುಗಳು 100ರಿಂದ 240 ವೋಲ್ಟ್‌ವರೆಗೆ ತಡೆದುಕೊಳ್ಳುತ್ತವೆ. ಕೈಗೆ ಭಾರ ಅನ್ನಿಸುವ ಹಳೆಯ ಟ್ರಾನ್ಸ್‌ಫಾರ್ಮರ್ ಅಡಾಪ್ಟರುಗಳಲ್ಲಿ ಮೇನ್ಸ್ ಏರಿದಂತೆ ಔಟ್‌ಪುಟ್ಟೂ ಏರುತ್ತದೆ. ಮುಂಗಾರಿಗೆ ಮೊದಲಿನ ಗುಡುಗು-ಸಿಡಿಲಿನ ಸಂಜೆಗಳಲ್ಲಿ ಅಡಾಪ್ಟರನ್ನು ಬಟನ್ ಒತ್ತಿ ಆರಿಸಿದರೆ ಸಾಲದು, ಸಾಕೆಟ್ಟಿನಿಂದಲೇ ಕೀಳಬೇಕು. ಫೈಬರಿನ ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ, ನಿಜ. ಮೇನ್ಸ್ ವೈರಿನಲ್ಲೂ ತಾಮ್ರದ ನೆಟ್‌ವರ್ಕ್ ಕೇಬಲ್ಲಿನಲ್ಲೂ ಹರಿಯುತ್ತದೆ.

ಪಿನ್ನಿನ ಮೇಲಿನ ಧೂಳು

ಸ್ಟ್ಯಾಂಡಿನಲ್ಲಿಟ್ಟರೂ ಚಾರ್ಜ್ ಆಗುತ್ತಿಲ್ಲವೆಂದರೆ ಸೆಲ್ ಬದಲಿಸುವ ಮುನ್ನ ಪಿನ್ ನೋಡಿ. ರಬಕವಿ-ಬನಹಟ್ಟಿಯ ಮಗ್ಗದ ಮನೆಗಳಲ್ಲಿ ಹತ್ತಿಯ ನವಿರು, ಸಿಮೆಂಟ್ ಕಾರ್ಖಾನೆಗಳ ಸುತ್ತಲಿನ ಊರುಗಳಲ್ಲಿ ಸುಣ್ಣಕಲ್ಲಿನ ಧೂಳು, ಖಾನಾಪುರದ ಮಳೆಗಾಲದಲ್ಲಿ ತೇವಕ್ಕೆ ಹಿಡಿಯುವ ಹಸಿರು ಕಿಲುಬು: ಮೂರೂ ಪಿನ್ನಿಗೂ ಹ್ಯಾಂಡ್‌ಸೆಟ್ಟಿಗೂ ನಡುವೆ ಕೂತು ಕರೆಂಟ್ ತಡೆಯುತ್ತವೆ. ಅಡಾಪ್ಟರ್ ಕಿತ್ತು, ಹತ್ತಿಯ ಕಡ್ಡಿಗೆ ಸ್ಪಿರಿಟ್ ಅದ್ದಿ ಎರಡೂ ಕಡೆಯ ಪಿನ್ ಒರೆಸಿ, ಆರಲು ಬಿಡಿ. ಬ್ಲೇಡು, ಪಾಲಿಶ್ ಪೇಪರ್ ಬೇಡ. ಮೇಲಿನ ತೆಳು ಲೇಪ ಕಿತ್ತುಹೋದರೆ ಮುಂದೆ ಕಿಲುಬು ಇನ್ನೂ ಬೇಗ ಹಿಡಿಯುತ್ತದೆ.

ಲಿಥಿಯಂ ಬ್ಯಾಟರಿ ಉಬ್ಬಿದರೆ

ಹಿಂದಿನ ಮುಚ್ಚಳ ಸರಿಯಾಗಿ ಕೂಡುತ್ತಿಲ್ಲ, ಅಥವಾ ಬ್ಯಾಟರಿಯನ್ನು ಸಮನಾದ ಮೇಜಿನ ಮೇಲಿಟ್ಟು ತಿರುಗಿಸಿದರೆ ಬುಗುರಿಯಂತೆ ಸುತ್ತುತ್ತದೆ ಎಂದರೆ ಒಳಗೆ ಅನಿಲ ತುಂಬಿದೆ. ಆ ಕ್ಷಣದಿಂದ ಅದನ್ನು ಚಾರ್ಜ್ ಮಾಡಬಾರದು. ಸೂಜಿಯಿಂದ ಚುಚ್ಚಿ ಗಾಳಿ ಬಿಡುವುದು, ಮುಚ್ಚಳ ಒತ್ತಿ ಹಾಕಿ ರಬ್ಬರ್ ಬ್ಯಾಂಡ್ ಸುತ್ತುವುದು ಎರಡೂ ಬೆಂಕಿಗೆ ಆಹ್ವಾನ. ಲೋಹದ ತುದಿಗಳಿಗೆ ಟೇಪ್ ಅಂಟಿಸಿ, ಒಣ ಮರಳು ಹಾಕಿದ ತಗಡಿನ ಡಬ್ಬಿಯಲ್ಲಿ, ಮುಚ್ಚಳ ಬಿಗಿ ಮಾಡದೆ, ಮನೆಯ ಹೊರಗೆ ನೆರಳಿನಲ್ಲಿ ಇಡಿ.

ಹೊಗೆ ಬಂದರೆ ಮೊದಲು ಮೇನ್ ಸ್ವಿಚ್ ಆರಿಸಿ. ಹೊಗೆ ವಿಷ, ಕೋಣೆಯಿಂದ ಎಲ್ಲರನ್ನೂ ಹೊರಗೆ ಕಳಿಸಿ. ಬ್ಯಾಟರಿ ಚಿಕ್ಕದು, ಕರೆಂಟ್ ಕಡಿದ ಮೇಲೆ ದೂರದಿಂದ ಧಾರಾಳ ನೀರು ಸುರಿದರೆ ತಣಿಯುತ್ತದೆ. ಮರಳು ಬೆಂಕಿ ಹರಡದಂತೆ ತಡೆಯುತ್ತದೆ, ಒಳಗಿನ ಕಾವನ್ನು ಇಳಿಸುವುದಿಲ್ಲ. ಕೈ ಮೀರಿತೆಂದರೆ 101 ಅಥವಾ 112.

ಯಾವಾಗ ಬದಲಿಸಬೇಕು, ಹಳೆಯದು ಎಲ್ಲಿಗೆ

ಪೂರ್ತಿ ಚಾರ್ಜ್ ತೋರಿಸಿ ಐದು-ಹತ್ತು ನಿಮಿಷದ ಮಾತಿಗೇ ಆರಿಹೋದರೆ ಸೆಲ್ಲಿನ ಆಯುಷ್ಯ ಮುಗಿದಿದೆ. ದಿನಬಳಕೆಯಲ್ಲಿ ಎನ್‌ಐ-ಎಂಎಚ್ ಎರಡು-ಮೂರು ವರ್ಷ ಬಂದರೆ ಸರಿಯಾಗಿಯೇ ಬಂದಿದೆ. ರೇಡಿಯೊ ರಿಪೇರಿಯವರ ಬಳಿ ಮಲ್ಟಿಮೀಟರ್ ಇರುತ್ತದೆ: ಚಾರ್ಜ್ ಆದ ಒಂದೊಂದು ಸೆಲ್ 1.3ರಿಂದ 1.4 ವೋಲ್ಟ್ ತೋರಿಸಬೇಕು. ಒಂದು 1.35, ಇನ್ನೊಂದು 1ಕ್ಕಿಂತ ಕೆಳಗೆ ಇದ್ದರೆ ಎರಡನ್ನೂ ತೆಗೆಯಿರಿ.

ತಿಂಗಳುಗಟ್ಟಲೆ ಮನೆಗೆ ಬೀಗ ಹಾಕುವಾಗ ಎನ್‌ಐ-ಎಂಎಚ್ ಸೆಲ್ ಹೊರಗೆ ತೆಗೆದಿಡಿ. ಸಾದಾ ಎನ್‌ಐ-ಎಂಎಚ್ ಸುಮ್ಮನಿದ್ದರೂ ತಿಂಗಳಿಗೆ ಶೇ 20–30ರಷ್ಟು ಚಾರ್ಜ್ ಕಳೆದುಕೊಳ್ಳುತ್ತದೆ, ಮರಳಿ ಬಂದಾಗ ಪೂರ್ತಿ ಚಾರ್ಜಿಗಿಡಬೇಕು. ಲಿಥಿಯಂ ಆದರೆ ಅರ್ಧ ಚಾರ್ಜಿನಲ್ಲಿ ಆಫ್ ಮಾಡಿ, ತಂಪಾದ ಕಡೆ ಇಡಿ.

ಸತ್ತ ಸೆಲ್ಲನ್ನು ಕಸದ ಗಾಡಿಗೆ ಹಾಕಬಾರದು, ಒಲೆಗಂತೂ ಬೇಡವೇ ಬೇಡ. ಬ್ಯಾಟರಿಯ ಮೇಲೆ ಅಡ್ಡಗೀಟು ಎಳೆದ ಕಸದ ಡಬ್ಬಿಯ ಚಿತ್ರ ಇರುವುದು ಇದನ್ನು ಹೇಳಲಿಕ್ಕೇ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಬಳಸಿದ ಬ್ಯಾಟರಿಗಳನ್ನು ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆ ತಯಾರಕರದು. ತುದಿಗಳಿಗೆ ಟೇಪ್ ಹಚ್ಚಿ, ಹೊಸದನ್ನು ಕೊಳ್ಳುವಾಗ ಹಳೆಯದನ್ನು ಅದೇ ಅಂಗಡಿಯಲ್ಲಿ ತೆಗೆದುಕೊಳ್ಳುತ್ತಾರೆಯೇ ಕೇಳಿ. ಇಲ್ಲವೆಂದರೆ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ.